ಮಲ್ಲಿಗೆ ಅಲ್ಲಿ, ರೈಲು ಇಲ್ಲಿ: ಕೊಟ್ಟೂರು ಲೈನಿನ 114 ವರ್ಷ

1/9
ಬೆಂಗಳೂರಿನ ಉಪನಗರ ರೈಲು ಯೋಜನೆಯಲ್ಲಿ ನಾಲ್ಕು ಮಾರ್ಗ ಇವೆ. ನಾಲ್ಕಕ್ಕೂ ಚೆಂದದ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಸಂಪಿಗೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ, ವಿಮಾನ ನಿಲ್ದಾಣದ ಕಡೆ. ಮಲ್ಲಿಗೆ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ. ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ. ಕನಕ ಹೀಲಲಿಗೆಯಿಂದ ರಾಜಾನುಕುಂಟೆಗೆ.

ಕಾಲೇಜಿನ ಚರ್ಚಾ ಸ್ಪರ್ಧೆಗೆ ಈ ಸಲ ಇದೇ ವಿಷಯ ಕೊಟ್ಟಿದ್ರು. ಉಪನಗರ ರೈಲು ಮತ್ತು ಏರ್‌ಪೋರ್ಟ್ ರೈಲು ಬೇಕೋ ಬೇಡವೋ. ಎಲ್ಲರೂ ಪರ, ವಿರೋಧ ಅಂತ ಸಾಲಾಗಿ ಮಾತಾಡ್ತಾ ಇದ್ದಾಗ ನಮ್ಮ ಕ್ಲಾಸಿನ ಹಡಗಲಿ ಹುಡುಗಿ ಎದ್ದು ಒಂದೇ ಮಾತು ಕೇಳಿದ್ಳು: "ಮಲ್ಲಿಗೆ ನಮ್ಮೂರದು. ಹೆಸರು ಮಾತ್ರ ಬೆಂಗ್ಳೂರಿನ ರೈಲಿಗೆ. ನಮ್ಮೂರಿಗೆ ರೈಲೇ ಇಲ್ಲ, ಅವರ ರೈಲು ಕಟ್ಕೊಂಡು ನನಗೇನಾಗ್ಬೇಕು?"

ಇಡೀ ಹಾಲ್ ನಕ್ತು. ನನಗೆ ಮಾತ್ರ ಈ ಪ್ರಶ್ನೆ ತಲೆಯಿಂದ ಹೋಗ್ಲಿಲ್ಲ. ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ. ವಿಜಯನಗರದ ಕಾಲದಲ್ಲಿ ಹಂಪಿಗೆ ಹೂವು ತುಂಬಿದ ಹಡಗು ಹೊಳೆ ಮೇಲೆ ಹೋಗ್ತಿತ್ತು, ಅದಕ್ಕೇ ಹೂವಿನ ಹಡಗಲಿ ಅಂತ ಹೆಸರು ಬಂತು ಅಂತ ಹಿರಿಯರು ಹೇಳ್ತಾರೆ. ಅಂದ್ರೆ ಸಾಗಾಣಿಕೆಯಿಂದಲೇ ಹೆಸರು ಪಡೆದ ಊರು ಅದು. ಅಲ್ಲಿಗೆ ಇವತ್ತಿಗೂ ಹಳಿ ಇಲ್ಲ.

ಹಾಗಾಗಿ ಈ ಸರಣಿ. ಬೆಂಗಳೂರಿನ ವಿಷಯಕ್ಕೂ ಬರ್ತೀನಿ, ಆದ್ರೆ ಮೊದಲು ನಮ್ಮ ಲೈನ್. ಓದ್ತಾ ಹೋಗಿ, ಸ್ವಲ್ಪ ಉದ್ದ ಇದೆ.

2/9
ನಮ್ಮ ಕಡೆ ರೈಲು ಯಾಕೆ ಬಂತು ಗೊತ್ತಾ? ಜನ ಓಡಾಡಲಿ ಅಂತ ಅಲ್ಲ. ಬರ.

1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ಬಳ್ಳಾರಿ ಜಿಲ್ಲೆ ಅದರಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಧಾನ್ಯ ಬೇರೆ ಕಡೆ ಇತ್ತು, ಇಲ್ಲಿಗೆ ತರೋದಕ್ಕೆ ದಾರಿ ಇರ್ಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣ ಅಂದ್ರೆ ದಾರಿಯಲ್ಲಿ ಎತ್ತಿಗೂ ಮೇವು ನೀರು ಇಲ್ಲ. ಆಮೇಲೆ 1880ರ ಬರಗಾಲ ಆಯೋಗ ಇಂಥ ಪ್ರದೇಶಗಳಿಗೆ ರೈಲು ಹಾಕಬೇಕು ಅಂತ ಶಿಫಾರಸು ಮಾಡ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯ್ತು. ಅದೇ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ಒಂದೇ ಹಳಿಗೆ ಸೇರಿದವು. ಮೀಟರ್ ಗೇಜ್ ಹಳಿ. ಎರಡು ಕಂಬಿ ನಡುವೆ ಸರಿಯಾಗಿ ಒಂದು ಮೀಟರ್, ಅಷ್ಟೇ.

ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಹಳಿ ಬಂದದ್ದು ಅದಾದ ಮೇಲೆ. 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್ ಹೊತ್ತಿಗೆ ಇದರ ಕೆಲಸ ನಡೀತಾ ಇತ್ತು. 1905ರ ಸುಮಾರಿಗೆ ರೈಲು ಓಡಿತು. ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿ, ಕೊಟ್ಟೂರು. ಹೆಚ್ಚೂಕಮ್ಮಿ 70 ಕಿಲೋಮೀಟರ್. ಇದೇ ಹಳಿಯ ಗುಂಡಾ ರೋಡ್‌ನಿಂದ ಸ್ವಾಮಿಹಳ್ಳಿ ಕಡೆಗೆ ಇನ್ನೊಂದು ಕವಲು ಹೋಯ್ತು, ಸಂಡೂರಿನ ಅದಿರಿನ ಕಡೆಗೆ. ಈ ಅದಿರಿನ ಮಾತು ನೆನಪಿಟ್ಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

3/9
ಈಗ ಮ್ಯಾಪ್ ತೆಗೀರಿ. ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರಕ್ಕೆ ಸುಮಾರು 65 ಕಿ.ಮೀ. ಹಳಿ. ಹರಿಹರಕ್ಕೆ 1880ರ ದಶಕದ ಕೊನೆಗೇ ಬೆಂಗಳೂರಿನಿಂದ ರೈಲು ಬಂದಿತ್ತು. ಅದೂ ಮೀಟರ್ ಗೇಜೇ. ಅಂದ್ರೆ 1905ರಲ್ಲಿ ಇನ್ನೊಂದು 65 ಕಿ.ಮೀ. ಹಾಕಿದ್ರೆ ಕೊಟ್ಟೂರಿನವರು ನೇರ ಬೆಂಗಳೂರಿಗೆ ಹೋಗಬಹುದಿತ್ತು. ಯಾಕೆ ಹಾಕ್ಲಿಲ್ಲ?

ನನಗೆ ಕಾಣೋ ಕಾರಣ ಗಡಿ. ಆಗ ಕೊಟ್ಟೂರು, ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಎಲ್ಲಾ ಮದ್ರಾಸ್ ಪ್ರಾಂತ್ಯ. ಹರಿಹರ ಮೈಸೂರು ಸಂಸ್ಥಾನ. ನಮ್ಮ ಅಜ್ಜಂದಿರ ರಾಜಧಾನಿ ಮದ್ರಾಸ್, ಪಕ್ಕದ ಹರಿಹರದವರ ರಾಜಧಾನಿ ಮೈಸೂರು. ಈ ಕಡೆ ಹಳಿ ಬಳ್ಳಾರಿ ಕಡೆ ಮುಖ ಮಾಡಿತ್ತು, ಆ ಕಡೆ ಹಳಿ ಬೆಂಗಳೂರಿನ ಕಡೆ. ನಡುವಿನ ಹರಪನಹಳ್ಳಿ ಯಾರ ಯೋಜನೆಯಲ್ಲೂ ದಾರಿಯ ಮೇಲಿನ ಊರಾಗಲಿಲ್ಲ, ಕೊನೆಯ ಊರಾಗೇ ಉಳೀತು.

1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರ್ತು. ಗಡಿ ಹೋಯ್ತು. ಹಳಿ ಮಾತ್ರ ಬರ್ಲಿಲ್ಲ. 1956 ಆಯ್ತು, ಏಕೀಕರಣ ಆಯ್ತು, 1973ರಲ್ಲಿ ಕರ್ನಾಟಕ ಅಂತ ಹೆಸರೂ ಆಯ್ತು. ಕೊಟ್ಟೂರಿನ ಆಚೆ ಹಳಿ ಇಲ್ಲ.

(ಹರಪನಹಳ್ಳಿ ಕಥೆ ಇನ್ನೂ ಮಜಾ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ. ಊರು ಕೂತಲ್ಲೇ ಕೂತಿದೆ, ಜಿಲ್ಲೆಗಳು ರೈಲಿನ ಥರ ಬಂದು ಹೋಗ್ತಾವೆ.)

4/9
ಹರಿಹರದವರೆಗಿನ ಹೊಸ ಲೈನಿಗೆ ಕೊನೆಗೂ 1990ರ ದಶಕದ ನಡುವೆ ಒಪ್ಪಿಗೆ ಸಿಕ್ತು. ಅದೇ ಹೊತ್ತಿಗೆ ಹಳೇ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕೋ ಕೆಲಸವೂ ಬಂತು. ಖುಷಿ ಪಡಬೇಕಾದ ಸುದ್ದಿ, ಅಲ್ವಾ? ಆದ್ರೆ ಆದದ್ದು ಏನು ಅಂದ್ರೆ, ಇದ್ದ ಪ್ಯಾಸೆಂಜರ್ ರೈಲೂ ನಿಂತುಹೋಯ್ತು.

ಬ್ರಾಡ್ ಗೇಜ್ ಬಂತು, ಗೂಡ್ಸ್ ಗಾಡಿ ಬಂತು. ಹರಿಹರದವರೆಗೆ ಹೊಸ ಹಳಿ ಮುಗಿದ ಮೇಲೂ ಮೊದಲು ಓಡಿದ್ದು ಗೂಡ್ಸೇ. ಜನ ಗೇಟ್ ಹತ್ರ ನಿಂತು ವ್ಯಾಗನ್ ಎಣಿಸ್ತಿದ್ರು. ಧರಣಿ, ಮನವಿ, ಹೋರಾಟ ಎಲ್ಲಾ ನಡೀತು. ಸ್ಟೇಷನ್ ಕಟ್ಟಡ ಇದೆ, ಹಳಿ ಇದೆ, ಸಿಗ್ನಲ್ ಇದೆ, ರೈಲೂ ಹೋಗುತ್ತೆ, ನಾವು ಹತ್ತೋ ಹಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

2019ರ ಅಕ್ಟೋಬರ್‌ನಲ್ಲಿ ಆಗಿನ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರು ಹೊಸಪೇಟೆ–ಹರಿಹರ ಪ್ಯಾಸೆಂಜರ್‌ಗೆ ಹಸಿರು ನಿಶಾನೆ ತೋರಿಸಿದ್ರು. ಲೆಕ್ಕ ಹಾಕಿ: ಕೊಟ್ಟೂರಿಗೆ ರೈಲು ಬಂದು 114 ವರ್ಷಕ್ಕೆ ಪ್ಯಾಸೆಂಜರ್ ರೈಲು ಹರಿಹರ ಮುಟ್ತು. ನಡುವೆ ಸುಮಾರು ಕಾಲು ಶತಮಾನ ಪ್ಯಾಸೆಂಜರೇ ಇಲ್ಲ. ನಮ್ಮ ಅಪ್ಪ ಅಮ್ಮನ ತಲೆಮಾರು ರೈಲು ನೋಡಿ ಬೆಳೀತು. ನಮ್ಮ ತಲೆಮಾರು "ಇಲ್ಲೊಂದು ರೈಲು ಇತ್ತಂತೆ" ಅಂತ ಕೇಳಿ ಬೆಳೀತು.

ಐದು ತಿಂಗಳು ಓಡಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ದೇಶದ ಎಲ್ಲಾ ಪ್ಯಾಸೆಂಜರ್ ರೈಲುಗಳೂ ನಿಂತವು. ಆ ಸೆಪ್ಟೆಂಬರ್‌ನಲ್ಲಿ ಅಂಗಡಿಯವರೇ ಕೋವಿಡ್‌ನಿಂದ ತೀರಿಕೊಂಡರು. ಪ್ಯಾಸೆಂಜರ್ ರೈಲುಗಳು ಮತ್ತೆ ಶುರುವಾದಾಗ 'ವಿಶೇಷ' ಅಂತ ಹೆಸರು ಹಾಕಿ ಎಕ್ಸ್‌ಪ್ರೆಸ್ ದರ ತಗೊಂಡ್ರು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯ್ತು. ಅದು ವಾಪಸ್ 10ಕ್ಕೆ ಇಳಿದದ್ದು 2024ರಲ್ಲಿ. ಒಬ್ಬ ವಿದ್ಯಾರ್ಥಿಗೆ ಹೋಗಿ ಬರೋದಕ್ಕೆ ದಿನಕ್ಕೆ 40 ರೂಪಾಯಿ ಫರಕ್ ಅಂದ್ರೆ ತಿಂಗಳಿಗೆ ಒಂದು ಸಾವಿರ.

5/9
ಈಗ ಬೆಂಗಳೂರು.

ಅಲ್ಲಿನ ಉಪನಗರ ರೈಲಿನ ಮಾತು ಮೊದಲು ಬಂದದ್ದು 1983ರಲ್ಲಿ. ಆಗ ನಗರದಲ್ಲಿ ಈಗಿನ ಜನಸಂಖ್ಯೆಯ ಕಾಲು ಭಾಗ ಇತ್ತೋ ಇಲ್ಲವೋ. ವರದಿ ಆಯ್ತು, ಕಪಾಟು ಸೇರ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ತೆರೆದು ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನ ನಿಂತಾಗ ಎಲ್ಲರಿಗೂ ಜ್ಞಾನೋದಯ ಆಯ್ತು: ವಿಮಾನ ಇಲ್ಲಿ, ಊರು ಅಲ್ಲಿ, ನಡುವೆ ಬರೀ ರಸ್ತೆ. ಹೈಸ್ಪೀಡ್ ರೈಲು ಹಾಕ್ತೀವಿ ಅಂದ್ರು. ಕೈಬಿಟ್ಟರು. 2012ರಲ್ಲಿ ರೈಟ್ಸ್ ಸಂಸ್ಥೆ ಉಪನಗರ ರೈಲಿನ ಬಗ್ಗೆ ಇನ್ನೊಂದು ವರದಿ ಕೊಡ್ತು.

2016ರಲ್ಲಿ ಸರ್ಕಾರ ಏರ್‌ಪೋರ್ಟ್ ದಾರಿಗೆ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ ಹೊರಟಿತು. 6.7 ಕಿ.ಮೀ.ಗೆ 1,791 ಕೋಟಿ. ನೂರಾರು ಮರ ಹೋಗ್ತಿತ್ತು. ಅಕ್ಟೋಬರ್ 16ಕ್ಕೆ ಜನ ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗೆ ಸಾಲಾಗಿ ಕೈ ಹಿಡಿದು ನಿಂತ್ರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಡ್ತು. ನನಗೆ ಇಷ್ಟ ಆದದ್ದು ಅದಲ್ಲ. ಅದೇ ಜನ "ಇದು ಬೇಡ" ಅಂದಷ್ಟಕ್ಕೇ ಮನೆಗೆ ಹೋಗ್ಲಿಲ್ಲ, "ಚುಕುಬುಕು ಬೇಕು" ಅಂತ ಇನ್ನೊಂದು ಚಳವಳಿ ಶುರು ಮಾಡಿದ್ರು. ಬೇಡ ಅನ್ನೋದು ಸುಲಭ. ಬದಲಿಗೆ ಏನು ಬೇಕು ಅಂತ ಹೇಳೋರು ಕಮ್ಮಿ.

2018ರ ಕೇಂದ್ರ ಬಜೆಟ್‌ನಲ್ಲಿ ಸುಮಾರು 160 ಕಿ.ಮೀ., 17,000 ಕೋಟಿ ಅಂತ ಘೋಷಣೆ. 2020ರ ಅಕ್ಟೋಬರ್‌ನಲ್ಲಿ 148 ಕಿ.ಮೀ., 15,767 ಕೋಟಿಗೆ ಕೇಂದ್ರದ ಒಪ್ಪಿಗೆ. 2022ರ ಜೂನ್ 20ಕ್ಕೆ ಪ್ರಧಾನಿಯಿಂದ ಶಂಕುಸ್ಥಾಪನೆ. 40 ವರ್ಷದಿಂದ ಆಗದ್ದನ್ನ 40 ತಿಂಗಳಲ್ಲಿ ಮಾಡ್ತೀವಿ ಅನ್ನೋ ಮಾತು ಬಂತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗೀತು. ನಾಲ್ಕು ಹೂವಿನಲ್ಲಿ ಒಂದೂ ಅರಳಿರಲಿಲ್ಲ.

6/9
ಬಿಕಾಂ ಓದ್ತಾ ಇರೋದ್ರಿಂದ ಒಂದು ಸಣ್ಣ ಭಾಗಾಕಾರ ಮಾಡ್ತೀನಿ. ಮೂರೂ ಒಪ್ಪಿಗೆ ಅಥವಾ ಘೋಷಣೆ ಕಾಲದ ಅಂದಾಜು, ಆಮೇಲೆ ಏರಿದ್ದು ಬೇರೆ.

ಉಕ್ಕಿನ ಮೇಲ್ಸೇತುವೆ: ಕಿ.ಮೀ.ಗೆ ಸುಮಾರು 267 ಕೋಟಿ.
ಏರ್‌ಪೋರ್ಟ್‌ಗೆ ಹೋಗೋ ಮೆಟ್ರೋ (ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ ಮೇಲೆ, 58.19 ಕಿ.ಮೀ., 14,788 ಕೋಟಿ, 2021ರ ಒಪ್ಪಿಗೆ): ಕಿ.ಮೀ.ಗೆ ಸುಮಾರು 254 ಕೋಟಿ.
ಉಪನಗರ ರೈಲು: ಕಿ.ಮೀ.ಗೆ ಸುಮಾರು 106 ಕೋಟಿ.

ಅರ್ಧಕ್ಕಿಂತ ಕಮ್ಮಿ ಖರ್ಚಿನದು ಎಲ್ಲಕ್ಕಿಂತ ಹಿಂದೆ ಬಿದ್ದಿದೆ. ಅಲ್ಲಿನ ಚರ್ಚೆಯಲ್ಲಿ ಒಂದು ವಾದ ಮತ್ತೆ ಮತ್ತೆ ಬರುತ್ತೆ: ಮೆಟ್ರೋ ಬರ್ತಾ ಇದೆಯಲ್ಲ, ಉಪನಗರ ರೈಲು ಯಾಕೆ? ಮೆಟ್ರೋ ನಗರದೊಳಗೆ ಓಡಾಡೋರಿಗೆ ಒಳ್ಳೇದೇ. ಆದ್ರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರದಿಂದ ದಿನಾ ಬರೋರಿಗೆ ಬೇಕಾದದ್ದು ಹಳೇ ಹಳಿಯ ಮೇಲೆ ಹೆಚ್ಚು ರೈಲು. ಅವರ ಊರಿಗೂ ಹಳಿ ಆಗಲೇ ಇದೆ. ಕೊಟ್ಟೂರಿನ ಹಾಗೇ.

ಇನ್ನೊಂದು ವಿಷಯ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1931ರಲ್ಲಿ, ಮದ್ರಾಸಿನ ಬೀಚ್‌ನಿಂದ ತಾಂಬರಂಗೆ ವಿದ್ಯುತ್ ಉಪನಗರ ರೈಲು ಓಡಿತು. ಅದೂ ಮೀಟರ್ ಗೇಜ್ ಹಳಿ ಮೇಲೆ. ಒಂದೇ ಪ್ರಾಂತ್ಯ, ಒಂದೇ ಅಗಲದ ಹಳಿ. ಅಲ್ಲಿ ಆಫೀಸಿಗೆ ಹೋಗೋರಿಗೆ ಲೋಕಲ್, ಇಲ್ಲಿ ಕೊಟ್ಟೂರು ಕೊನೇ ಸ್ಟೇಷನ್. "ಮೀಟರ್ ಗೇಜ್‌ನಲ್ಲಿ ಏನಾಗುತ್ತೆ" ಅನ್ನೋರಿಗೆ ಇದೇ ಉತ್ತರ.

7/9
ಏರ್‌ಪೋರ್ಟ್ ರೈಲು ಕಥೆ ಓದಿದಾಗ ನನಗೆ ನಮ್ಮೂರ ಕಥೆನೇ ಕಂಡಿತು.

ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ಹಳಿ ಹಳೇದು, ಮೊದಲು ನ್ಯಾರೋ ಗೇಜ್ ಇದ್ದದ್ದು. ವಿಮಾನ ನಿಲ್ದಾಣದ ಪಕ್ಕದಲ್ಲೇ ಹೋಗುತ್ತೆ. 2021ರ ಜನವರಿಯಲ್ಲಿ ಅಲ್ಲಿ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ತೆರೆದ್ರು. ಟ್ಯಾಕ್ಸಿಗೆ ಸಾವಿರದ ಹತ್ತಿರ ಕೊಡೋ ದಾರಿಗೆ ಹತ್ತಿಪ್ಪತ್ತು ರೂಪಾಯಿ ಟಿಕೆಟ್. ಪೇಪರ್, ಟಿವಿ ತುಂಬಾ ಅದೇ ಸುದ್ದಿ. ಆಮೇಲೆ? ಜನ ಹತ್ತಲಿಲ್ಲ. ಕೆಲವು ರೈಲು ನಿಂತವು, ಮತ್ತೆ ಶುರುವಾದವು. "ನೋಡಿ, ರೈಲು ಕೊಟ್ಟರೂ ಜನ ಬರಲ್ಲ" ಅಂತ ಒಂದು ಗುಂಪು ಹೇಳ್ತು.

ಯಾಕೆ ಹತ್ತಲಿಲ್ಲ ಅಂತ ನೋಡಿ. ಒಂಟಿ ಹಳಿ, ಎದುರು ರೈಲು ಬಂದ್ರೆ ಕಾಯಬೇಕು. ದಿನಕ್ಕೆ ಕೈಬೆರಳೆಣಿಕೆ ರೈಲು, ಒಂದು ತಪ್ಪಿದ್ರೆ ಇನ್ನೊಂದಕ್ಕೆ ಗಂಟೆಗಟ್ಟಲೆ. ವಿಮಾನಕ್ಕೆ ಹೋಗೋನು ಆ ರಿಸ್ಕ್ ತಗೋತಾನಾ? ಇಳಿದ ಮೇಲೂ ಟರ್ಮಿನಲ್‌ಗೆ ಇನ್ನೊಂದು ಬಸ್ ಹತ್ತಬೇಕು.

ಈಗ ವಿಮಾನ ನಿಲ್ದಾಣ ಅನ್ನೋ ಕಡೆ ಕೂಡ್ಲಿಗಿ ಅಂತ ಹಾಕಿ ಓದಿ. ಹಡಗಲಿ ಅಂತ ಹಾಕಿ ಓದಿ. ಕೂಡ್ಲಿಗಿಯವರಿಗೆ ಹತ್ತಿರದ ಸ್ಟೇಷನ್ ಕೊಟ್ಟೂರು, ಹಡಗಲಿಯವರು ಹಗರಿಬೊಮ್ಮನಹಳ್ಳಿಗೋ ಹರಪನಹಳ್ಳಿಗೋ ಬರಬೇಕು. ರೈಲಿನ ಟೈಮಿಗೆ ಸರಿಯಾಗಿ ಬಸ್ ಇಲ್ಲ ಅಂದ್ರೆ ಆ ಎರಡು ತಾಲ್ಲೂಕಿಗೆ ನಮ್ಮ ರೈಲು ಇದ್ದೂ ಇಲ್ಲ. ಶುರುವಾದಾಗ ದಿನಕ್ಕೆ ಇದ್ದದ್ದು ಹೋಗೋಕೆ ಒಂದು, ಬರೋಕೆ ಒಂದು. ಒಂದು ರೈಲನ್ನು ಜನರ ಆಸಕ್ತಿಯ ಪರೀಕ್ಷೆ ಅಂತ ಕರೆಯೋದು, ಊಟಕ್ಕೆ ಕರೆದು ಮಧ್ಯಾಹ್ನ ನಾಲ್ಕಕ್ಕೆ ಎಲೆ ಹಾಕಿ "ಯಾಕೋ ಯಾರೂ ಉಣ್ಣಲ್ಲ" ಅಂದ ಹಾಗೆ.

8/9
ಚರ್ಚೆ ಅಂದ ಮೇಲೆ ಎದುರಿನ ವಾದವನ್ನೂ ಸರಿಯಾಗಿ ಕೇಳಬೇಕು. ಹರಪನಹಳ್ಳಿಯ ನನ್ನ ಫ್ರೆಂಡ್ ಹೇಳಿದ್ದು: "ಅಲ್ಲ ಮಾರಾಯ, 2023ರಿಂದ ಶಕ್ತಿ ಯೋಜನೆ ಐತಿ. ನಮಗೆ ಕೆಕೆಆರ್‌ಟಿಸಿ ಬಸ್ ಫ್ರೀ. ಮನೆ ಹತ್ರ ಹತ್ತಿ ಕಾಲೇಜ್ ಹತ್ರ ಇಳೀತೀನಿ. ಊರಾಚೆ ಸ್ಟೇಷನ್‌ಗೆ ನಡ್ಕೊಂಡು ಹೋಗಿ ದುಡ್ಡು ಕೊಟ್ಟು ರೈಲು ಯಾಕೆ ಹತ್ಲಿ?"

ಬಲವಾದ ಮಾತು. ಹುಡುಗಿಯರ ಮಟ್ಟಿಗೆ ಬಸ್ಸೇ ಗೆದ್ದಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದ್ರೆ ಬೆಳಗಿನ ಎಂಟರ ಬಸ್ಸಿನ ಫುಟ್‌ಬೋರ್ಡ್ ನೋಡಿದವರಿಗೆ ಬಸ್ ಮಾತ್ರ ಸಾಲದು ಅಂತ ಗೊತ್ತು. ಮತ್ತೆ, ಬಸ್ಸು ಫ್ರೀ ಆಗಿರೋದ್ರಿಂದ ರೈಲು ಬೇಡ ಅನ್ನೋದಾದ್ರೆ ಬೆಂಗಳೂರಿನಲ್ಲೂ ಬಿಎಂಟಿಸಿ ಫ್ರೀ ಇದೆಯಲ್ಲ, ಅಲ್ಲಿ ಯಾರೂ ಮೆಟ್ರೋ ನಿಲ್ಲಿಸಿ ಅನ್ನಲ್ಲ.

ಇನ್ನೊಂದು ವಾದ ನಷ್ಟದ್ದು. ರೈಲ್ವೆ ಟಿಕೆಟ್ ಮೇಲೇ ಒಂದು ಸಾಲು ಪ್ರಿಂಟ್ ಆಗ್ತಿತ್ತು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57 ಮಾತ್ರ ಟಿಕೆಟ್‌ನಿಂದ ವಸೂಲಿ. ನಿಜ. ಉಳಿದದ್ದು ಎಲ್ಲಿಂದ ಬರುತ್ತೆ? ಬಹುಪಾಲು ಗೂಡ್ಸ್‌ನಿಂದ. ಕಲ್ಲಿದ್ದಲು, ಸಿಮೆಂಟ್, ಕಬ್ಬಿಣದ ಅದಿರು. ಸಂಡೂರು, ಹೊಸಪೇಟೆ ಅದಿರು ಎಲ್ಲಿಯದು? ನಮ್ಮ ಜಿಲ್ಲೆ, ನಮ್ಮ ಪಕ್ಕದ ಜಿಲ್ಲೆಯದು. ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಇದಕ್ಕೇ. ಈ ಮಣ್ಣು ನೂರು ವರ್ಷದಿಂದ ರೈಲ್ವೆಗೆ ಬಾಡಿಗೆ ಕಟ್ಟಿದೆ. ಅದರ ಲೆಕ್ಕ ಒಂದು ಪುಸ್ತಕದಲ್ಲಿ, ನಮ್ಮ ಪ್ಯಾಸೆಂಜರ್ ನಷ್ಟದ ಲೆಕ್ಕ ಇನ್ನೊಂದು ಪುಸ್ತಕದಲ್ಲಿ ಬರೆದ್ರೆ ನಾವು ಯಾವಾಗಲೂ ಸಾಲಗಾರರೇ.

ಕಾಸ್ಟಿಂಗ್ ಪೇಪರ್ ಬರೆದವರಿಗೆ ಇನ್ನೊಂದು: ಹಳಿ, ಸಿಗ್ನಲ್, ಸ್ಟೇಷನ್‌ಗೆ ಹಾಕಿದ ದುಡ್ಡು ಆಗಲೇ ಖರ್ಚಾಗಿದೆ. ರೈಲು ಓಡಿಸಿದ್ರೂ ಓಡಿಸದಿದ್ರೂ ಅದು ವಾಪಸ್ ಬರಲ್ಲ. ಈಗ ಕೇಳಬೇಕಾದದ್ದು ಇನ್ನೊಂದು ಡೆಮು ರೈಲು ಓಡಿಸೋಕೆ ಹೆಚ್ಚಿಗೆ ಎಷ್ಟು ಬೇಕು ಅನ್ನೋದು ಮಾತ್ರ. ಬೆಂಗಳೂರಿನವರು 15,767 ಕೋಟಿಯ ಹೊಸ ಮಾರ್ಗ ಕೇಳ್ತಿದ್ದಾರೆ, ಕೇಳಲಿ, ಅವರಿಗದು ಬೇಕೇ ಬೇಕು. ನಾವು ಕೇಳೋದು ಇರೋ ಹಳಿ ಮೇಲೆ ಇನ್ನೊಂದು ರೈಲು.

9/9
ಹಡಗಲಿ ಹುಡುಗಿ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಬೆಂಗಳೂರಿನ ರೈಲು ನಮಗೂ ಸಂಬಂಧ ಪಡುತ್ತೆ. ಡಿಗ್ರಿ ಮುಗಿದ ಮೇಲೆ ನಮ್ಮ ಕ್ಲಾಸಿನ ಅರ್ಧ ಜನ ಅಲ್ಲೇ ಪಿಜಿ ಹುಡುಕ್ತೀವಿ. ಮಲ್ಲಿಗೆ ಮಾರ್ಗ ಮುಗಿದ್ರೆ ಬಾಡಿಗೆ ಕಮ್ಮಿ ಇರೋ ಚಿಕ್ಕಬಾಣಾವರದಲ್ಲಿ ಇದ್ದು ಕೆಲಸಕ್ಕೆ ಹೋಗಬಹುದು. ಅದಕ್ಕೆ ನಾನು ಆ ಯೋಜನೆಯ ವಿರೋಧಿ ಅಲ್ಲ. ಆದ್ರೆ ಇಲ್ಲಿ ಬೆಳಗ್ಗೆ ಹೊಸಪೇಟೆಗೋ ದಾವಣಗೆರೆಗೋ ಹೋಗಿ ಸಂಜೆ ಮನೆಗೆ ಬರೋ ಹಾಗಿದ್ರೆ, ಆ ಅರ್ಧದಲ್ಲಿ ಕೆಲವರು ಪಿಜಿ ಹುಡುಕೋದೇ ಬೇಡ. ಅಲ್ಲಿನ ಟ್ರಾಫಿಕ್‌ಗೂ ಇಲ್ಲಿನ ಖಾಲಿ ಪ್ಲಾಟ್‌ಫಾರಂಗೂ ನಂಟಿದೆ ಅಂತ ನಾನು ಹೇಳಿದ್ದು ಅದಕ್ಕೆ.

ಗದಗದಿಂದ ಮುಂಡರಗಿ, ಹಡಗಲಿ ಮೇಲೆ ಹರಪನಹಳ್ಳಿಗೆ ಲೈನ್ ಬೇಕು ಅನ್ನೋ ಬೇಡಿಕೆ ಹಳೇದು. ಅದು ಬರಲಿ. ಆದ್ರೆ ಕೊಟ್ಟೂರು–ಹರಿಹರಕ್ಕೆ ಹಿಡಿದ ಕಾಲ ನೋಡಿದ್ರೆ, ಅದನ್ನ ಕಾಯ್ತಾ ಕೂತ್ರೆ ನಮ್ಮ ಮಕ್ಕಳ ಮಕ್ಕಳು ಹತ್ತಬೇಕಾಗುತ್ತೆ. ಈಗ ಆಗಬಹುದಾದದ್ದು ಎರಡು: ಕಾಲೇಜು, ಆಫೀಸ್ ಟೈಮಿಗೆ ಹೊಂದೋ ಬೆಳಗಿನ ಮತ್ತು ಸಂಜೆಯ ರೈಲು, ಅದರ ಟೈಮಿಗೆ ಕೂಡ್ಲಿಗಿ, ಹಡಗಲಿಯಿಂದ ಬಸ್. ಮೊದಲನೇದು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೈಯಲ್ಲಿ. ಎರಡನೇದು ಕೆಕೆಆರ್‌ಟಿಸಿ ಡಿಪೋಗಳ ಕೈಯಲ್ಲಿ.

ಮನವಿ ಬರೀತಾ ಇದೀವಿ. "ರೈಲು ಬೇಕು" ಅಂತ ಅಷ್ಟೇ ಬರೆದ್ರೆ ಫೈಲಿಗೆ ಹೋಗುತ್ತೆ, ಅಂಕಿ ಬೇಕು. ಅದಕ್ಕೆ ಕಾಮೆಂಟ್‌ನಲ್ಲಿ ಮೂರು ವಿಷಯ ಹಾಕಿ: ನಿಮ್ಮ ಊರು, ಓದೋ ಅಥವಾ ಕೆಲಸ ಮಾಡೋ ಊರು, ಅಲ್ಲಿ ಎಷ್ಟು ಗಂಟೆಗೆ ಇರಬೇಕು. ಫೋನ್ ನಂಬರ್ ಹಾಕಬೇಡಿ. ಅಜ್ಜ ಅಜ್ಜಿ ಹತ್ರ ಹಳೇ ಮೀಟರ್ ಗೇಜ್ ಟಿಕೆಟ್, ಫೋಟೋ ಏನಾದ್ರೂ ಇದ್ರೆ ಕಳಿಸಿ, ಮುಂದಿನ ವಾರ ಹಾಕ್ತೀನಿ.

#ಕೊಟ್ಟೂರು #ಹರಪನಹಳ್ಳಿ #ಹಗರಿಬೊಮ್ಮನಹಳ್ಳಿ #ಹೂವಿನಹಡಗಲಿ #ಕೂಡ್ಲಿಗಿ #ನಮ್ಮರೈಲು